ವೀಸಾ ಅವಧಿ ಮುಗಿಯುತ್ತಾ ಬಂದಾಗ: ಗಲ್ಫ್ ಉದ್ಯೋಗಿಗಳೂ ಊರಿನ ಮನೆಯವರೂ ತಿಳಿದಿರಬೇಕಾದ ವಿಷಯಗಳು

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗಲ್ಫ್ ನಂಟಿಲ್ಲದ ಊರನ್ನು ಹುಡುಕುವುದು ಕಷ್ಟ. ಮಗ ದುಬೈಯಲ್ಲಿ, ಅಳಿಯ ದಮ್ಮಾಮಿನಲ್ಲಿ, ಭಾವ ಕುವೈತಿನಲ್ಲಿ ಎಂಬ ಮಾತು ಕನ್ನಡ, ತುಳು, ಮಲಯಾಳ ಯಾವ ಮನೆಗೆ ಹೋದರೂ ಕೇಳಿಬರುತ್ತದೆ. ಮಗನ ಫೋನು ಬಂದಾಗ 'ವೀಸಾ ಮುಗಿಯುತ್ತಾ ಬಂತು, ಕಂಪನಿಯವರು ಏನೂ ಹೇಳುತ್ತಿಲ್ಲ' ಎಂದರೆ ಮನೆಯವರಿಗೆ ದಿಗಿಲು. ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬುದು ತಿಳಿಯದೆ ಕೊನೆಗೆ ಊರಿನ ಏಜೆಂಟರ ಬಾಗಿಲಿಗೆ ಹೋಗುವವರೇ ಹೆಚ್ಚು.

ವೀಸಾ ಮುಗಿಯುವುದೇ ಒಂದು ಅಪಾಯವೇನಲ್ಲ. ಎರಡು ವರ್ಷಕ್ಕೊಮ್ಮೆ ಅದು ಮುಗಿಯುತ್ತದೆ, ಸಾವಿರಾರು ಮಂದಿಯದು ಸದ್ದಿಲ್ಲದೆ ನವೀಕರಣವಾಗುತ್ತದೆ. ತೊಂದರೆಗೆ ಸಿಲುಕುವವರು ಎರಡು ಬಗೆ. ತಾರೀಕು ಕಳೆದ ಮೇಲೆ ಎಚ್ಚೆತ್ತವರು ಒಂದು, ಬರಬೇಕಾದ ಹಣ ಕೈಸೇರುವ ಮೊದಲೇ ಕ್ಯಾನ್ಸಲ್ ಕಾಗದಕ್ಕೆ ಸಹಿ ಹಾಕಿದವರು ಇನ್ನೊಂದು.

ಯಾವ ತಾರೀಕು ನೋಡಬೇಕು?

ಊರಲ್ಲಿ ಎಲ್ಲದಕ್ಕೂ 'ವೀಸಾ' ಎಂಬ ಒಂದೇ ಹೆಸರು. ಆದರೆ ಯುಎಇಯಲ್ಲಿ ದುಡಿಯುವವನ ಬಳಿ ಇರುವುದು ಹಲವು ಕಾಗದ. ಕಾರ್ಮಿಕ ಸಚಿವಾಲಯದ ಕೆಲಸದ ಪರವಾನಿಗೆ (ಹಳಬರು 'ಲೇಬರ್ ಕಾರ್ಡ್' ಅಥವಾ 'ಪತ್ತಾಕ' ಎನ್ನುವುದು ಇದನ್ನೇ) ಒಂದು. ವಲಸೆ ಇಲಾಖೆಯ ವಾಸದ ಪರವಾನಿಗೆ, ಅಂದರೆ ರೆಸಿಡೆನ್ಸಿ, ಇನ್ನೊಂದು. ಇವಲ್ಲದೆ ಎಮಿರೇಟ್ಸ್ ಐಡಿ, ಉದ್ಯೋಗದ ಕರಾರು, ಆರೋಗ್ಯ ವಿಮೆ, ಊರಿನಿಂದ ತಂದ ಪಾಸ್‌ಪೋರ್ಟ್. ಪ್ರತಿಯೊಂದಕ್ಕೂ ಬೇರೆ ಬೇರೆ ತಾರೀಕು ಇರಬಹುದು.

2022ರ ಏಪ್ರಿಲ್‌ನಿಂದ ಯುಎಇ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವುದನ್ನು ನಿಲ್ಲಿಸಿದೆ. ಎಮಿರೇಟ್ಸ್ ಐಡಿಯೇ ಈಗ ವಾಸದ ದಾಖಲೆ. ಹಾಗಾಗಿ ಮೊದಲಿನಂತೆ ಪಾಸ್‌ಪೋರ್ಟ್ ತಿರುವಿಹಾಕಿ ತಾರೀಕು ನೋಡುವ ಕಾಲ ಹೋಯಿತು. ವಾಸದ ಅವಧಿಯನ್ನು ಐಸಿಪಿ ಎಂಬ ಫೆಡರಲ್ ಪ್ರಾಧಿಕಾರದ ಜಾಲತಾಣದಲ್ಲಿ (ದುಬೈ ವೀಸಾ ಆದರೆ ಜಿಡಿಆರ್‌ಎಫ್‌ಎ ಜಾಲತಾಣದಲ್ಲಿ) ನೋಡಬೇಕು. ಕೆಲಸದ ಪರವಾನಿಗೆಯನ್ನು 'ಮೋಹ್ರೆ' ಎಂದು ಕರೆಯುವ ಕಾರ್ಮಿಕ ಸಚಿವಾಲಯದ ಆಪ್‌ನಲ್ಲಿ ನೋಡಬಹುದು. ಪಾಸ್‌ಪೋರ್ಟಿನ ವಿವರಗಳು ಕೈಯಲ್ಲಿರಬೇಕು. ಇಂಗ್ಲಿಷ್ ಓದಬಲ್ಲ ರೂಮಿನ ಹುಡುಗ ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾನೆ. ಕಂಪನಿಯ ಪಿಆರ್‌ಒ ಬಾಯಿಮಾತಲ್ಲಿ ಹೇಳಿದ ತಾರೀಕನ್ನು ನಂಬಿ ಕೂರುವ ಅಗತ್ಯವಿಲ್ಲ.

ಮರೆತುಹೋಗುವುದು ಪಾಸ್‌ಪೋರ್ಟಿನ ತಾರೀಕು. ಪಾಸ್‌ಪೋರ್ಟಿನಲ್ಲಿ ಆರು ತಿಂಗಳಾದರೂ ಅವಧಿ ಉಳಿದಿರದಿದ್ದರೆ ವೀಸಾ ನವೀಕರಣ ತಡೆಹಿಡಿಯಲ್ಪಡುತ್ತದೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಭಾರತ ಸರಕಾರ ಅವಕಾಶ ಕೊಡುತ್ತದೆ. ವೀಸಾಕ್ಕೆ ಮೊದಲು ಪಾಸ್‌ಪೋರ್ಟ್, ಇದು ಕ್ರಮ.

ರಜೆಯಲ್ಲಿ ಊರಿಗೆ ಬಂದವರಿಗೂ ಒಂದು ಲೆಕ್ಕವಿದೆ. ಯುಎಇಯ ಸಾಮಾನ್ಯ ಉದ್ಯೋಗ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ, ಕಾರ್ಡಿನಲ್ಲಿ ಅವಧಿ ಉಳಿದಿದ್ದರೂ ವಾಸದ ಪರವಾನಿಗೆ ಅಸಿಂಧುವಾಗುತ್ತದೆ. ತಂಗಿಯ ಮದುವೆ, ಮನೆ ಒಕ್ಕಲು, ಮಳೆಗಾಲ ಎಂದು ಮುಂದೂಡುತ್ತಾ ಹೋದವರು ಇದನ್ನು ವಿಮಾನ ನಿಲ್ದಾಣದಲ್ಲಿ ತಿಳಿದುಕೊಂಡದ್ದುಂಟು.

ಮೂರು ತಿಂಗಳು ಮೊದಲೇ ಕೇಳಬೇಕು

ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಕಂಪನಿಯನ್ನು ಕೇಳುವುದು ಒಳ್ಳೆಯದು: ನವೀಕರಿಸುತ್ತೀರಾ, ಇಲ್ಲವಾ? ಬಾಯಿಮಾತಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಇಮೇಲ್ ಆಗಲಿ ವಾಟ್ಸಾಪ್ ಆಗಲಿ, ಬರಹದಲ್ಲಿ ಕೇಳಿದರೆ ನಾಳೆ ದೂರು ಕೊಡುವ ಹೊತ್ತಿಗೆ ಅದೇ ಆಧಾರ. ಈ ಮೂರು ತಿಂಗಳಿಗೆ ಕಾನೂನಿನಲ್ಲೂ ಅರ್ಥವಿದೆ. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಯುಎಇಯ ಹೊಸ ಕಾರ್ಮಿಕ ಕಾನೂನಿನ ಪ್ರಕಾರ ಖಾಸಗಿ ಕಂಪನಿಯ ಎಲ್ಲ ಕರಾರುಗಳೂ ನಿಗದಿತ ಅವಧಿಯವು. ಕರಾರನ್ನು ನಡುವೆ ಮುರಿಯಲು ಎರಡೂ ಕಡೆಯವರು 30ರಿಂದ 90 ದಿನಗಳ ನೋಟಿಸ್ ಕೊಡಬೇಕು. ಎಷ್ಟು ದಿನ ಎಂಬುದು ಕರಾರಿನಲ್ಲೇ ಬರೆದಿರುತ್ತದೆ.

ನವೀಕರಣವೆಂದರೆ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ವಿಮೆ, ಐಡಿ ಕಾರ್ಡಿನ ಶುಲ್ಕ, ಟೈಪಿಂಗ್ ಸೆಂಟರಿನ ಖರ್ಚು. ಇದನ್ನೆಲ್ಲ ಯಾರು ಕೊಡಬೇಕು? ಕಂಪನಿಯೇ ಕೊಡಬೇಕು. ನೇಮಕದ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ ಎಂದು ಯುಎಇ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಸೌದಿಯಲ್ಲೂ ಇಕಾಮ, ಕೆಲಸದ ಪರವಾನಿಗೆ, ಅವುಗಳ ನವೀಕರಣ, ತಡವಾದರೆ ಬೀಳುವ ದಂಡ ಎಲ್ಲವೂ ಉದ್ಯೋಗದಾತನ ತಲೆಯ ಮೇಲೆಯೇ. ಹಾಗಿದ್ದೂ ಸಂಬಳದಿಂದ ತಿಂಗಳು ತಿಂಗಳು 'ವೀಸಾ ಹಣ' ಮುರಿಯುವ ಪದ್ಧತಿ ಸಣ್ಣ ಅಂಗಡಿ, ಕೆಫೆಟೇರಿಯಾಗಳಲ್ಲಿ ನಿಂತಿಲ್ಲ. ಅರಬಾಬನಿಗೆ ವರ್ಷಕ್ಕಿಷ್ಟು ಎಂದು ಕೊಟ್ಟು ಹೊರಗೆ ಬೇರೆ ಕೆಲಸ ಮಾಡುವ 'ಫ್ರೀ ವೀಸಾ' ಎಂಬುದಂತೂ ಯಾವ ಕಾನೂನಿನಲ್ಲೂ ಇಲ್ಲದ ವೀಸಾ. ಅದರಲ್ಲಿ ಹೋದವರಿಗೆ ನವೀಕರಣದ ಹೊತ್ತಿಗೆ ಅರಬಾಬ ಹೇಳಿದ್ದೇ ರೇಟು, ಕೊಡದಿದ್ದರೆ ಕೇಳುವ ಜಾಗವೂ ಇಲ್ಲ.

ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅಲ್ಲಿನ ಕಾನೂನೇ. ಭಾರತೀಯ ಪಾಸ್‌ಪೋರ್ಟ್ ಭಾರತ ಸರಕಾರದ ಸ್ವತ್ತು. ನವೀಕರಣಕ್ಕೆಂದು ಕೊಟ್ಟರೆ ಕೆಲಸ ಮುಗಿದ ಕೂಡಲೇ ವಾಪಸು ಕೇಳಬೇಕು.

ಕಂಪನಿ 'ನೋಡೋಣ' ಎಂದರೆ

ಹೆಚ್ಚಿನ ಕಡೆ ಸಿಗುವ ಉತ್ತರ ಇದೇ. ಕೆಲವೊಮ್ಮೆ ಕಂಪನಿಯ ಪರವಾನಿಗೆಯೇ ಮುಗಿದಿರುತ್ತದೆ, ಬಾಡಿಗೆ ಬಾಕಿ ಇರುತ್ತದೆ, ಮಾಲೀಕನೇ ದೇಶ ಬಿಟ್ಟಿರುತ್ತಾನೆ. ಕೆಲಸಗಾರ ಮಾತ್ರ ಸಂಬಳದ ಆಸೆಯಿಂದ ಕೆಲಸ ಮುಂದುವರಿಸುತ್ತಾನೆ. ವೀಸಾ ತಾರೀಕು ಹತ್ತಿರ ಬಂದಿದ್ದು ಎರಡು ತಿಂಗಳಿಂದ ಸಂಬಳವೂ ಬಂದಿಲ್ಲ ಎಂದಾದರೆ ಅಲ್ಲಿಗೆ ಕಾಯುವುದನ್ನು ನಿಲ್ಲಿಸಬೇಕು.

ಮೊದಲ ಬಾಗಿಲು ಮೋಹ್ರೆಯದು. 600590000 ನಂಬರಿಗೆ ಕರೆ ಮಾಡಿ ಅಥವಾ ಆಪ್ ಮೂಲಕ ದೂರು ಕೊಡಬಹುದು. ವಕೀಲ ಬೇಕಿಲ್ಲ. 2024ರ ಜನವರಿಯಿಂದ 50,000 ದಿರ್ಹಮ್‌ವರೆಗಿನ ತಗಾದೆಗಳನ್ನು ಸಚಿವಾಲಯವೇ ತೀರ್ಮಾನಿಸಬಹುದು. ಅದಕ್ಕಿಂತ ಹೆಚ್ಚಿನದಾದರೆ ಕೋರ್ಟಿಗೆ ಹೋಗುತ್ತದೆ, ಅಲ್ಲೂ 1,00,000 ದಿರ್ಹಮ್‌ವರೆಗಿನ ಕಾರ್ಮಿಕ ದಾವೆಗೆ ಶುಲ್ಕವಿಲ್ಲ. ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಅದರ ಸ್ಟೇಟ್‌ಮೆಂಟ್, ಕರಾರಿನ ಪ್ರತಿ, ಹಾಜರಿಯ ಫೋಟೋ, ಫೋರ್‌ಮನ್ ಕಳಿಸಿದ ಸಂದೇಶ ಇವೆಲ್ಲ ಸಾಕ್ಷಿ.

ಕಂಪನಿಯೇ ಮುಳುಗಿದ್ದರೆ? ಯುಎಇಯಲ್ಲಿ ಪ್ರತಿ ಕೆಲಸಗಾರನ ಹೆಸರಲ್ಲಿ ಕಂಪನಿ ಬ್ಯಾಂಕ್ ಗ್ಯಾರಂಟಿ ಇಡಬೇಕು ಇಲ್ಲವೇ ವಿಮೆ ಮಾಡಿಸಬೇಕು. ಆ ವಿಮೆಯಿಂದ ಬಾಕಿ ಸಂಬಳ, ಊರಿನ ಟಿಕೆಟ್ ಸೇರಿ 20,000 ದಿರ್ಹಮ್‌ವರೆಗೆ ಸಿಗುವ ಅವಕಾಶವಿದೆ. ಇದು ತಾನಾಗಿ ಬರುವ ಹಣವಲ್ಲ, ದೂರು ದಾಖಲಾಗಿ ತೀರ್ಪು ಆಗಿರಬೇಕು.

ಇದಲ್ಲದೆ 2023ರ ಜನವರಿ 1ರಿಂದ ಕಡ್ಡಾಯವಾದ ನಿರುದ್ಯೋಗ ವಿಮೆ ಇದೆ. ಮೂಲವೇತನ 16,000 ದಿರ್ಹಮ್‌ವರೆಗಿನವರಿಗೆ ತಿಂಗಳಿಗೆ 5 ದಿರ್ಹಮ್ ಮತ್ತು ತೆರಿಗೆ. ಸತತ 12 ತಿಂಗಳು ಕಟ್ಟಿದವರನ್ನು ಕಂಪನಿಯೇ ಕೆಲಸದಿಂದ ತೆಗೆದರೆ ಮೂಲವೇತನದ ಶೇ. 60ರಷ್ಟು ಗರಿಷ್ಠ ಮೂರು ತಿಂಗಳು ಸಿಗುತ್ತದೆ. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಇಲ್ಲ. ಕೆಲಸ ಹೋದ 30 ದಿನಗಳೊಳಗೆ ಅರ್ಜಿ ಹಾಕಬೇಕು. 'ರಾಜೀನಾಮೆ ಬರೆದುಕೊಡು, ಬೇಗ ಕ್ಯಾನ್ಸಲ್ ಮಾಡಿಕೊಡುತ್ತೇವೆ' ಎಂದು ಕಂಪನಿ ಹೇಳುವಾಗ ಈ ಹಣವನ್ನೂ ಲೆಕ್ಕ ಹಾಕಬೇಕು.

ಒಂದು ತಪ್ಪು ಮಾತ್ರ ಮಾಡಬಾರದು. ಸಿಟ್ಟಿನಿಂದ ಕೆಲಸಕ್ಕೆ ಹೋಗದೆ ರೂಮಿನಲ್ಲಿ ಕೂರುವುದು, ಅಥವಾ ಹೇಳದೆ ಬೇರೆ ಕಡೆ ಸೇರುವುದು. ಏಳು ದಿನಕ್ಕಿಂತ ಹೆಚ್ಚು ಸತತ ಗೈರುಹಾಜರಾದರೆ 'ಕೆಲಸ ಬಿಟ್ಟು ಓಡಿಹೋದ' ಎಂದು ಕಂಪನಿ ವರದಿ ಕೊಡಬಹುದು. ಆ ವರದಿ ಬಿದ್ದ ಮೇಲೆ ಸಂಬಳ ಕೊಡದ ಮಾಲೀಕ ಪಕ್ಕಕ್ಕೆ ಸರಿದು, ಕೆಲಸಗಾರನೇ ಆರೋಪಿ ಆಗುತ್ತಾನೆ. ದೂರು ಮೊದಲು ಕೊಟ್ಟವರ ಕೈ ಮೇಲಾಗಿರುತ್ತದೆ.

ಕ್ಯಾನ್ಸಲ್ ಕಾಗದದ ಸಹಿ

ನವೀಕರಣ ಇಲ್ಲ ಎಂದಾದರೆ ಮುಂದಿನದು ವೀಸಾ ಕ್ಯಾನ್ಸಲ್. ಕಂಪನಿಯ ಕಚೇರಿಗೆ ಕರೆಸಿ ಅರಬ್ಬಿ-ಇಂಗ್ಲಿಷಿನ ಒಂದು ಹಾಳೆ ಮುಂದಿಡುತ್ತಾರೆ. 'ಇಲ್ಲಿ ಸಹಿ ಹಾಕು, ಟಿಕೆಟ್ ಮಾಡೋಣ' ಎನ್ನುತ್ತಾರೆ. ಆ ಹಾಳೆಯಲ್ಲಿ ಇರುವ ಸಾಲು ಇಷ್ಟೇ: ನನಗೆ ಬರಬೇಕಾದ ಎಲ್ಲ ಹಣ ಸಂದಿದೆ.

ಊರಲ್ಲಿ ಭೂಮಿಯ ದಸ್ತಾವೇಜಿಗೆ ನಾಲ್ಕು ಜನರನ್ನು ಕೇಳಿ ಸಹಿ ಹಾಕುವವರು, ಅಲ್ಲಿ ಇದಕ್ಕೆ ನಿಂತಲ್ಲೇ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಆರು-ಏಳು ವರ್ಷದ ದುಡಿಮೆಯ ಗ್ರಾಚ್ಯುಟಿ ಹೋಗುವುದು ಹೀಗೆ. ಆಮೇಲೆ ಊರಿಗೆ ಬಂದು ಎಷ್ಟು ದೂರು ಬರೆದರೂ ಕಂಪನಿ ತೋರಿಸುವುದು ಅದೇ ಸಹಿಯನ್ನು.

ಬರಬೇಕಾದದ್ದು ಎಷ್ಟು ಎಂಬುದನ್ನು ಸಹಿಗೆ ಮೊದಲು ಮನೆಯಲ್ಲೇ ಲೆಕ್ಕ ಹಾಕಬಹುದು. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲವೇತನ ಗ್ರಾಚ್ಯುಟಿ. ಒಟ್ಟು ಮೊತ್ತ ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ. ಲೆಕ್ಕ ಮೂಲವೇತನದ ಮೇಲೆ. ರೂಮು, ಊಟದ ಭತ್ಯೆ ಸೇರುವುದಿಲ್ಲ. ಒಬ್ಬನ ಮೂಲವೇತನ 900 ದಿರ್ಹಮ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 30 ದಿರ್ಹಮ್ ಆಯಿತು. ಆರು ವರ್ಷ ದುಡಿದಿದ್ದರೆ ಮೊದಲ ಐದು ವರ್ಷಕ್ಕೆ 3,150, ಆರನೆಯ ವರ್ಷಕ್ಕೆ 900, ಒಟ್ಟು 4,050 ದಿರ್ಹಮ್. ಇದರ ಜತೆಗೆ ತೆಗೆದುಕೊಳ್ಳದ ರಜೆಯ ಸಂಬಳ, ಕೊನೆಯ ತಿಂಗಳ ಸಂಬಳ. ಕೆಲಸಗಾರ ಬೇರೆ ಕಂಪನಿಗೆ ಸೇರದಿದ್ದರೆ ಮತ್ತು ಕೆಲಸ ಹೋದದ್ದು ಅವನ ತಪ್ಪಿನಿಂದ ಅಲ್ಲದಿದ್ದರೆ ಊರಿನ ಟಿಕೆಟ್ ಕೂಡ ಕಂಪನಿಯದೇ. ಕರಾರು ಮುಗಿದ 14 ದಿನಗಳೊಳಗೆ ಎಲ್ಲವನ್ನೂ ಪಾವತಿಸಬೇಕೆಂಬ ನಿಯಮವಿದೆ.

ಹಣ ಖಾತೆಗೆ ಬಿದ್ದ ಮೇಲೆ ಸಹಿ. 'ಊರಿಗೆ ಕಳಿಸುತ್ತೇವೆ' ಎಂದರೆ ಒಪ್ಪಬಾರದು. ಒತ್ತಾಯ ಮಾಡಿದರೆ ಸಹಿ ಹಾಕದೆ ಅಲ್ಲಿಂದಲೇ ಮೋಹ್ರೆಗೆ ದೂರು ಕೊಡಬಹುದು. 2024ರ ತಿದ್ದುಪಡಿಯ ನಂತರ ಕೆಲಸ ಮುಗಿದ ಎರಡು ವರ್ಷದೊಳಗೆ ತಗಾದೆ ಎತ್ತುವ ಹಕ್ಕಿದೆ. ಆದರೆ ಆ ದೇಶದಲ್ಲಿದ್ದು ಕೊಡುವ ದೂರಿಗೂ ಕುಂಬಳೆಯಲ್ಲಿ ಕೂತು ಕೊಡುವ ದೂರಿಗೂ ವ್ಯತ್ಯಾಸವಿದೆ.

ಎಮಿರೇಟ್ಸ್ ಐಡಿ ಮುಗಿದರೆ ಬ್ಯಾಂಕ್ ಖಾತೆಗೂ ತಡೆ ಬೀಳಬಹುದು. ಆದ್ದರಿಂದ ಹಣ ಊರಿಗೆ ಕಳಿಸುವುದು, ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ತೀರಿಸುವುದು ಕಾರ್ಡ್ ಚಾಲ್ತಿಯಲ್ಲಿರುವಾಗಲೇ ಆಗಬೇಕು. ಬಾಕಿ ಉಳಿಸಿಕೊಂಡು ಹೊರಟವರನ್ನು ಇಮಿಗ್ರೇಷನ್ ಕೌಂಟರಿನಲ್ಲಿ ತಡೆದದ್ದುಂಟು.

ಕ್ಯಾನ್ಸಲ್ ಆದ ಮೇಲೆ ಎಷ್ಟು ದಿನ?

ಹಿಂದೆ 30 ದಿನ ಎಂದು ಎಲ್ಲರಿಗೂ ಬಾಯಿಪಾಠವಿತ್ತು. 2022ರ ಅಕ್ಟೋಬರಿನ ಬದಲಾವಣೆಯ ನಂತರ ವೀಸಾದ ವರ್ಗ ನೋಡಿ 30ರಿಂದ 180 ದಿನಗಳವರೆಗೆ ಬೇರೆ ಬೇರೆ ಅವಧಿ ಸಿಗುತ್ತದೆ. ಪಕ್ಕದ ರೂಮಿನವನಿಗೆ ಸಿಕ್ಕಷ್ಟೇ ತನಗೂ ಎಂದು ತಿಳಿಯಬಾರದು. ಕ್ಯಾನ್ಸಲ್ ಪತ್ರದಲ್ಲಿ ಹೊರಡಬೇಕಾದ ಕೊನೆಯ ತಾರೀಕು ಇರುತ್ತದೆ, ಅದೇ ಅಂತಿಮ. ಈ ದಿನಗಳಲ್ಲಿ ಬೇರೆ ಕೆಲಸ ಹುಡುಕಬಹುದು. ಹೊಸ ಪರವಾನಿಗೆ ಬರುವ ಮೊದಲು ಕೆಲಸಕ್ಕೆ ಇಳಿಯಬಾರದು. ಪರವಾನಿಗೆ ಇಲ್ಲದವರನ್ನು ದುಡಿಸುವ ಕಂಪನಿಗೆ 2024ರಿಂದ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ. ಹಾಗಾಗಿ 'ಎರಡು ವಾರ ಟ್ರಯಲ್ ಮಾಡು' ಎನ್ನುವ ಅಂಗಡಿಯವನು ಪರಿಶೀಲನೆ ಬಂದ ದಿನ ಇವನ ಪರಿಚಯವೇ ಇಲ್ಲ ಎಂದುಬಿಡುತ್ತಾನೆ.

ಕೊನೆಯ ತಾರೀಕು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ತಿಂಗಳಿಗೆ 1,500! ಕೆಫೆಟೇರಿಯಾ ಹುಡುಗನ ಸಂಬಳಕ್ಕಿಂತ ಹೆಚ್ಚು. ದಂಡ ಬೆಳೆದಷ್ಟೂ ಹೊರಡುವ ಧೈರ್ಯ ಕಡಿಮೆಯಾಗಿ, ಅಡಗಿ ದುಡಿಯುವ ವರ್ಷಗಳು ಹೆಚ್ಚುತ್ತವೆ. ಅಂಥವರು ಕಾಯುವುದು ಸಾರ್ವಜನಿಕ ಕ್ಷಮಾದಾನಕ್ಕಾಗಿ, ಊರಿನ ಭಾಷೆಯಲ್ಲಿ 'ಪೊದುಮಾಪ್ಪ್'. ಯುಎಇ 2007, 2012, 2018ರಲ್ಲಿ ಇದನ್ನು ಘೋಷಿಸಿತ್ತು. ಕೊನೆಯದು 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ. ಆಗ ದಂಡ ಮನ್ನಾ ಮಾಡಿ, ಮರುಪ್ರವೇಶಕ್ಕೆ ನಿಷೇಧ ಹಾಕದೆ ಕಳಿಸಿಕೊಡಲಾಯಿತು. ಕೆಲಸ ಸಿಕ್ಕವರಿಗೆ ಅಲ್ಲೇ ಸಕ್ರಮಗೊಳ್ಳುವ ಅವಕಾಶವೂ ಇತ್ತು. 2012ರದು, 2018ರದು, 2024ರದು, ಇವುಗಳ ನಡುವೆ ಆರಾರು ವರ್ಷ ಕಳೆದಿದೆ ಎಂಬುದನ್ನು ಅಡಗಿ ಕೂತವರು ಎಣಿಸುವುದಿಲ್ಲ.

ಪಾಸ್‌ಪೋರ್ಟೇ ಇಲ್ಲದವರಿಗೆ ಭಾರತೀಯ ದೂತಾವಾಸ 'ಔಟ್‌ಪಾಸ್' ಎಂದು ಕರೆಯಲಾಗುವ ತುರ್ತು ಪ್ರಯಾಣಪತ್ರ ಕೊಡುತ್ತದೆ.

ಸೌದಿ, ಕುವೈತ್, ಕತಾರ್

ಸೌದಿಯ ಇಕಾಮ ಕಾರ್ಡನ್ನು ನೋಡಿ ತಾರೀಕು ತಿಳಿಯುವಂತಿಲ್ಲ. 2015ರಿಂದ ಕೊಡುವ ಐದು ವರ್ಷದ ಕಾರ್ಡ್ ಜೇಬಲ್ಲಿದ್ದರೂ ನಿಜವಾದ ಅವಧಿ ಕಂಪ್ಯೂಟರಿನಲ್ಲಿದೆ, 'ಅಬ್ಶೀರ್'ನಲ್ಲಿ ನೋಡಬೇಕು. ಹಳೆಯ ಕಾಗದಗಳಲ್ಲಿ ಹಿಜರಿ ತಾರೀಕು ಇದ್ದರೆ ಇನ್ನೊಂದು ಎಚ್ಚರ: ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಇಕಾಮ ತಡವಾದರೆ ಮೊದಲ ಸಲ 500, ಎರಡನೆಯ ಸಲ 1,000 ರಿಯಾಲ್ ದಂಡ, ಮೂರನೆಯ ಸಲ ಗಡೀಪಾರು.

2021ರ ಮಾರ್ಚ್ 14ರಿಂದ ಸೌದಿಯಲ್ಲಿ ಕಫೀಲನ ಹಿಡಿತ ಸ್ವಲ್ಪ ಸಡಿಲವಾಗಿದೆ. ಒಂದು ವರ್ಷ ಪೂರೈಸಿದವರು, ಅಥವಾ ಕಫೀಲ ಪರವಾನಿಗೆ ನವೀಕರಿಸದೆ ಬಿಟ್ಟವರು, ಅವನ ಒಪ್ಪಿಗೆ ಇಲ್ಲದೆಯೇ 'ಕಿವಾ' ಮೂಲಕ ಬೇರೆ ಕಂಪನಿಗೆ ಬದಲಾಗಬಹುದು. ಮನೆಗೆಲಸದವರು, ಹೌಸ್ ಡ್ರೈವರ್‌ಗಳು, ತೋಟ, ಕುರಿ ಕಾಯುವವರು ಈ ಸುಧಾರಣೆಯ ಹೊರಗೆ ಉಳಿದಿದ್ದಾರೆ. 'ಹುರೂಬ್' ವರದಿ ಬಿದ್ದರೆ ಕಂಪನಿ ಕೆಲಸಗಾರರಿಗೆ ಬದಲಾಗಲು ಅಥವಾ ಹೊರಡಲು 60 ದಿನ ಕೊಡುವ ನಿಯಮ 2022ರಲ್ಲಿ ಬಂದಿದೆ. ಫೈನಲ್ ಎಕ್ಸಿಟ್ ಹೊಡೆಸಿದ ಮೇಲೂ 60 ದಿನದೊಳಗೆ ದೇಶ ಬಿಡಬೇಕು.

ಕತಾರಿನಲ್ಲಿ ಅವಧಿ ಮುಗಿದ 90 ದಿನದೊಳಗೆ ನವೀಕರಿಸಲು ಕಂಪನಿಗೆ ಸಮಯವಿದೆ. ಕುವೈತಿನಲ್ಲಿ 18ನೇ ಕಲಮಿನ ವೀಸಾದವರು 2025ರ ಜುಲೈ 1ರಿಂದ ರಜೆಗೆ ಹೊರಡಲೂ ಕಂಪನಿಯ ಒಪ್ಪಿಗೆಯ ನಿರ್ಗಮನ ಪರವಾನಿಗೆ ಪಡೆಯಬೇಕು. ಟಿಕೆಟ್ ತೆಗೆಯುವ ಮೊದಲು ಅದನ್ನು ಕೇಳಬೇಕು.

ಊರಿನ ಮನೆಯವರು ಏನು ಮಾಡಬಹುದು?

ಪಾಸ್‌ಪೋರ್ಟ್, ಐಡಿ ಕಾರ್ಡಿನ ಎರಡೂ ಬದಿ, ಕರಾರು, ಕಂಪನಿಯ ಹೆಸರು-ವಿಳಾಸ-ಫೋನ್ ಇವುಗಳ ನಕಲು ಮನೆಯ ಕಪಾಟಿನಲ್ಲಿರಬೇಕು. ಮಗನ ಫೋನ್ ಸ್ವಿಚ್ ಆಫ್ ಆದ ದಿನ ಇವಿಲ್ಲದೆ ಯಾವ ಕಚೇರಿಯೂ ಒಂದು ಹೆಜ್ಜೆ ಮುಂದಿಡದು. 'ದುಬೈಯಲ್ಲಿ ಯಾವುದೋ ಕಟ್ಟಡದ ಕಂಪನಿ' ಎಂದರೆ ಹುಡುಕುವುದಾದರೂ ಎಲ್ಲಿ?

ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ಊರಿನಿಂದಲೇ ದೂರು ದಾಖಲಿಸಬಹುದು. 2015ರಿಂದ ಇದು ನಡೆಯುತ್ತಿದೆ. ಯುಎಇಯಲ್ಲಿರುವವರು ಭಾರತೀಯ ಸಹಾಯ ಕೇಂದ್ರದ ಉಚಿತ ನಂಬರ್ 80046342ಕ್ಕೆ ಕರೆ ಮಾಡಬಹುದು. ಕಷ್ಟದಲ್ಲಿ ಸಿಕ್ಕಿದವರ ಟಿಕೆಟ್, ತಾತ್ಕಾಲಿಕ ವಸತಿ, ಕಾನೂನು ನೆರವಿಗಾಗಿ ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿಯೂ ಇದೆ.

ರಾಜ್ಯದ ನೆರವಿನ ವಿಷಯದಲ್ಲಿ ಗಡಿಯ ಕನ್ನಡಿಗರಿಗೆ ಆಗಾಗ ಗೊಂದಲ. ಮಂಗಳೂರು ಹತ್ತಿರ, ವಿಮಾನ ಹತ್ತುವುದೂ ಅಲ್ಲೇ, ಆಸ್ಪತ್ರೆಯೂ ಅಲ್ಲೇ. ಆದರೆ ಕಾಸರಗೋಡಿನವರಿಗೆ ಸರಕಾರಿ ನೆರವು ಬರುವುದು ಕೇರಳದಿಂದ, ಅಂದರೆ ನೋರ್ಕಾ ರೂಟ್ಸ್ ಮೂಲಕ. ಮನೆಮಾತು ಯಾವುದಾದರೂ ಅರ್ಹತೆಗೆ ಅಡ್ಡಿಯಿಲ್ಲ. ಉಚಿತ ನಂಬರ್ 1800 425 3939, ಗಲ್ಫಿನಿಂದ ಮಿಸ್ಡ್ ಕಾಲ್ ಕೊಡಲು 0091 88020 12345. ಎರಡು ವರ್ಷವಾದರೂ ಹೊರದೇಶದಲ್ಲಿ ದುಡಿದು ಮರಳಿದವರು ಸ್ವಂತ ಉದ್ಯೋಗಕ್ಕೆ ನೋರ್ಕಾದ ಎನ್‌ಡಿಪ್ರೆಮ್ ಯೋಜನೆಯಲ್ಲಿ 30 ಲಕ್ಷದವರೆಗಿನ ಬ್ಯಾಂಕ್ ಸಾಲಕ್ಕೆ ಶೇ. 15ರ, ಗರಿಷ್ಠ 3 ಲಕ್ಷ ರೂ. ಸಬ್ಸಿಡಿ ಕೇಳಬಹುದು. ಕೇರಳ ಪ್ರವಾಸಿ ಕ್ಷೇಮ ಮಂಡಳಿಗೆ 60 ವರ್ಷದೊಳಗೆ ಸೇರಿ ಕನಿಷ್ಠ 5 ವರ್ಷ ವಂತಿಗೆ ಕಟ್ಟಿದವರಿಗೆ ಪಿಂಚಣಿ ಇದೆ. ವೀಸಾ ಮುಗಿದು ಬಂದ ಮೇಲೂ ಸೇರಬಹುದು, ಆದರೆ ಅಲ್ಲಿ ದುಡಿದದ್ದಕ್ಕೆ ಪಾಸ್‌ಪೋರ್ಟಿನ ಹಳೆಯ ಪುಟಗಳೇ ಪುರಾವೆ. ಹೊಸ ಪಾಸ್‌ಪೋರ್ಟ್ ಬಂತೆಂದು ಹಳೆಯದನ್ನು ಬಿಸಾಡುವವರಿದ್ದಾರೆ. ಸ್ಟಿಕ್ಕರ್ ನಿಂತ ಮೇಲೆ ಹೋದವರು ಎಮಿರೇಟ್ಸ್ ಐಡಿಯ ನಕಲನ್ನೂ ಕ್ಯಾನ್ಸಲ್ ಪತ್ರವನ್ನೂ ಜತೆಗೆ ತರಬೇಕು.

ಹೊಸೂರು, ತಾಳವಾಡಿ ಕಡೆಯವರು ತಮಿಳುನಾಡಿನ ಅನಿವಾಸಿ ತಮಿಳರ ಕಲ್ಯಾಣ ಆಯುಕ್ತರ ಕಚೇರಿಯನ್ನು, ಮಡಕಶಿರಾ, ರಾಯದುರ್ಗದವರು ಆಂಧ್ರದ ಎಪಿಎನ್‌ಆರ್‌ಟಿ ಸೊಸೈಟಿಯನ್ನು ಕೇಳಬೇಕು. ಮದದ್ ಮಾತ್ರ ಎಲ್ಲ ರಾಜ್ಯದವರಿಗೂ ಒಂದೇ. ಅದರಲ್ಲಿ ದೂರು ದಾಖಲಾದಾಗ ಸಿಗುವ ನಂಬರನ್ನು ಬರೆದಿಟ್ಟುಕೊಂಡರೆ ಮುಂದಿನ ವಿಚಾರಣೆಗೆ ಅದೊಂದೇ ಸಾಕಾಗುತ್ತದೆ.